ಪರೀಕ್ಷೆಗೆ ಮುನ್ನ ವಾರ್ಡಿಗೆ: ಅಮೆರಿಕದಲ್ಲಿ ಹೊಸ ನರ್ಸಿಂಗ್ ಪದವೀಧರರಿಗೆ ಸಿಗುವ ತಾತ್ಕಾಲಿಕ ಪರ್ಮಿಟ್

ನಮ್ಮ ಕಡೆ ಕಾರು ಕಲಿಯುವವರು ಮೊದಲು ಆರ್‌ಟಿಒ ಕಚೇರಿಯಲ್ಲಿ ಎಲ್‌ಎಲ್‌ಆರ್ ಮಾಡಿಸಿಕೊಳ್ಳುತ್ತಾರೆ. ಗಾಜಿನ ಮೇಲೆ ಕೆಂಪು ಬಣ್ಣದ ‘ಎಲ್’ ಅಂಟಿಸಿ, ಪಕ್ಕದ ಸೀಟಿನಲ್ಲಿ ಲೈಸೆನ್ಸ್ ಇದ್ದವರೊಬ್ಬರನ್ನು ಕೂರಿಸಿಕೊಂಡು ರಸ್ತೆಗಿಳಿಯುತ್ತಾರೆ. ಅಮೆರಿಕದ ಹಲವು ರಾಜ್ಯಗಳಲ್ಲಿ ನರ್ಸಿಂಗ್ ಓದು ಮುಗಿಸಿ ಪರವಾನಗಿ ಪರೀಕ್ಷೆಗೆ ಕಾಯುತ್ತಿರುವವರಿಗೆ ಸಿಗುವ ತಾತ್ಕಾಲಿಕ ಪರ್ಮಿಟ್ ಹೆಚ್ಚುಕಡಿಮೆ ಇಂಥದ್ದೇ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾದರೆ ಎಲ್‌ಎಲ್‌ಆರ್ ಅವಧಿ ಮುಗಿಯುವವರೆಗೂ ಗಾಡಿ ಓಡಿಸಿ ಕಲಿಯಬಹುದು. ಇಲ್ಲಿ ಮೊದಲ ಪ್ರಯತ್ನದಲ್ಲಿ ಫೇಲಾದರೆ ಪರ್ಮಿಟ್ ಕೂಡ ಅದರ ಜೊತೆಗೇ ಹೋಗುತ್ತದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಕೆಳಗಿನ ಎಲ್ಲ ಹೆಜ್ಜೆಗಳೂ ಏಕೆ ಹೀಗಿವೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಪರವಾನಗಿ ಪರೀಕ್ಷೆಯ ಹೆಸರು ಎನ್‌ಕ್ಲೆಕ್ಸ್. 1994ರ ಏಪ್ರಿಲ್‌ನಲ್ಲಿ ಅದು ಕಂಪ್ಯೂಟರಿಗೆ ಬರುವ ಮುಂಚೆ ಕಾಗದದ ಮೇಲೆ, ವರ್ಷಕ್ಕೆ ಎರಡೇ ಸಲ, ಫೆಬ್ರುವರಿ ಮತ್ತು ಜುಲೈ ತಿಂಗಳಲ್ಲಿ ನಡೆಯುತ್ತಿತ್ತು. ಮೇ ತಿಂಗಳಲ್ಲಿ ಪದವಿ ಪಡೆದವರು ಜುಲೈವರೆಗೆ ಪರೀಕ್ಷೆಗೂ, ಅದಾದ ಮೇಲೆ ವಾರಗಟ್ಟಲೆ ಫಲಿತಾಂಶಕ್ಕೂ ಕಾಯಬೇಕಿತ್ತು. ಆಸ್ಪತ್ರೆಗಳಿಗೆ ಕೈಗಳು ಬೇಕಿದ್ದವು, ಪದವೀಧರರಿಗೆ ಸಂಬಳ ಬೇಕಿತ್ತು. ತಾತ್ಕಾಲಿಕ ಪರ್ಮಿಟ್‌ಗೆ ಆಗ ಮಹತ್ವ ಹೆಚ್ಚಿದ್ದದ್ದು ಹೀಗೆ. ಈಗ ಪರೀಕ್ಷೆ ವರ್ಷವಿಡೀ ನಡೆಯುತ್ತದೆ, ಫಲಿತಾಂಶ ಬೇಗ ಬರುತ್ತದೆ. ಆದ್ದರಿಂದ ಎಲ್ಲ ರಾಜ್ಯಗಳಲ್ಲೂ ಈ ಪರ್ಮಿಟ್ ಸಿಗುವುದಿಲ್ಲ, ಸಿಗುವ ಕಡೆ ಹೆಸರು, ಅವಧಿ, ಷರತ್ತು ಒಂದೊಂದು ಬಗೆಯಾಗಿವೆ. ಇಲ್ಲಿ ನಾನು ಮುಖ್ಯವಾಗಿ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಮತ್ತು ಟೆಕ್ಸಾಸ್ ರಾಜ್ಯಗಳನ್ನು ಹಿಡಿದು ಬರೆಯುತ್ತೇನೆ. ಕನ್ನಡದ ಕುಟುಂಬಗಳು ಸಾಕಷ್ಟಿರುವ ರಾಜ್ಯಗಳು ಇವು.

ಮೊದಲು ಬಿಡಿಸಿಕೊಳ್ಳಬೇಕಾದ ಗಂಟು: ಎರಡು ಪರ್ಮಿಟ್, ಎರಡು ಕಚೇರಿ

ನಮ್ಮವರ ಮಾತಿನಲ್ಲಿ ‘ವರ್ಕ್ ಪರ್ಮಿಟ್’ ಎಂದರೆ ವಲಸೆ ಇಲಾಖೆ ಕೊಡುವ ಇಎಡಿ ಕಾರ್ಡು. ಆಯಾ ರಾಜ್ಯದ ನರ್ಸಿಂಗ್ ಬೋರ್ಡ್ ಕೊಡುವ ತಾತ್ಕಾಲಿಕ ಪರ್ಮಿಟ್ ಬೇರೆಯೇ ವಸ್ತು. ಮೊದಲನೆಯದು ‘ಈ ದೇಶದಲ್ಲಿ ಸಂಬಳಕ್ಕೆ ದುಡಿಯಬಹುದು’ ಎನ್ನುತ್ತದೆ. ಎರಡನೆಯದು ‘ಈ ರಾಜ್ಯದಲ್ಲಿ ರೋಗಿಯನ್ನು ನರ್ಸ್ ಆಗಿ ಮುಟ್ಟಬಹುದು’ ಎನ್ನುತ್ತದೆ. ಒಂದಿದ್ದರೆ ಇನ್ನೊಂದು ಬೇಡ ಎಂಬುದಿಲ್ಲ. ಗ್ರೀನ್ ಕಾರ್ಡ್ ಇರುವವರಿಗೂ ಅಮೆರಿಕದ ಪ್ರಜೆಗಳಿಗೂ ಮೊದಲನೆಯದರ ಚಿಂತೆಯಿಲ್ಲ. ಕಂಪನಿ ವರ್ಗಾವಣೆಯ ಎಲ್-1 ವೀಸಾದವರ ಜೊತೆ ಎಲ್-2 ವೀಸಾದ ಮೇಲಿರುವ ಗಂಡ ಅಥವಾ ಹೆಂಡತಿಗೆ 2021ರ ನವೆಂಬರ್‌ನಿಂದ ಕೆಲಸದ ಹಕ್ಕು ವೀಸಾ ಸ್ಥಾನಮಾನದ ಜೊತೆಯಲ್ಲೇ ಬರುತ್ತದೆ. ಎಚ್-1ಬಿ ಉದ್ಯೋಗ ವೀಸಾದವರ ಸಂಗಾತಿಯಾಗಿ ಎಚ್-4 ವೀಸಾ ಪಡೆದವರಿಗೆ 2015ರಿಂದ ಇಎಡಿ ಸಿಗುತ್ತಿದೆ, ಆದರೆ ಸಂಗಾತಿಯ ಐ-140 (ಗ್ರೀನ್ ಕಾರ್ಡಿಗಾಗಿ ಉದ್ಯೋಗದಾತರು ಸಲ್ಲಿಸುವ ಅರ್ಜಿ) ಮಂಜೂರಾಗಿರಬೇಕು ಅಥವಾ ಅವರ ಎಚ್-1ಬಿ ಆರು ವರ್ಷ ದಾಟಿ ವಿಸ್ತರಣೆಯಾಗಿರಬೇಕು.

ಹೆಚ್ಚು ಎಚ್ಚರ ಬೇಕಾದದ್ದು ಎಫ್-1 ವಿದ್ಯಾರ್ಥಿಗಳಿಗೆ. ಪಾಠಕ್ರಮ ಮುಗಿಯುವ 90 ದಿನ ಮೊದಲಿನಿಂದ, ಮುಗಿದ ಮೇಲಿನ 60 ದಿನದ ಒಳಗಾಗಿ ಇವರು ಒಪಿಟಿಗೆ, ಅಂದರೆ ಓದಿನ ನಂತರ ದುಡಿಯಲು ಸಿಗುವ ಅನುಮತಿಗೆ, ಅರ್ಜಿ ಹಾಕಬೇಕು. ಎಂಜಿನಿಯರಿಂಗ್ ಓದಿದ ಗೆಳೆಯರಿಗೆ ಸಿಗುವ ಹೆಚ್ಚುವರಿ 24 ತಿಂಗಳು ನರ್ಸಿಂಗ್ ಓದಿದವರಿಗೆ ಸಿಗುವುದಿಲ್ಲ. ಇವರ ಪಾಲಿಗೆ ಒಟ್ಟು 12 ತಿಂಗಳಷ್ಟೇ. ಆ 12 ತಿಂಗಳಲ್ಲಿ ಎಲ್ಲ ಸೇರಿ 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಒಪಿಟಿ ಆರಂಭದ ದಿನದಿಂದಲೇ ಈ ಎಣಿಕೆ ಶುರುವಾಗುತ್ತದೆ, ಪರವಾನಗಿ ಬಂದಿಲ್ಲ ಎಂಬ ಕಾರಣಕ್ಕೆ ಅದು ನಿಲ್ಲುವುದಿಲ್ಲ. ಅಂಥವರಿಗೆ ನರ್ಸಿಂಗ್ ಬೋರ್ಡಿನ ತಾತ್ಕಾಲಿಕ ಪರ್ಮಿಟ್ ನಿಜವಾಗಿಯೂ ಆಸರೆಯಾಗುತ್ತದೆ. ಒಪಿಟಿ ಆರಂಭದ ದಿನಾಂಕವನ್ನು ಪಾಠಕ್ರಮ ಮುಗಿದ 60 ದಿನಗಳ ಒಳಗೆ ಎಂದಾದರೂ ಇಟ್ಟುಕೊಳ್ಳಬಹುದಾದ್ದರಿಂದ, ಪರ್ಮಿಟ್ ಯಾವಾಗ ಕೈಸೇರಬಹುದು ಎಂದು ಲೆಕ್ಕ ಹಾಕಿ, ಕಾಲೇಜಿನ ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡಿಕೊಳ್ಳುವ ಅಧಿಕಾರಿ) ಜೊತೆ ಕುಳಿತು ಆ ದಿನಾಂಕವನ್ನು ಆರಿಸುವುದು ಜಾಣತನ. ‘ಬೇಗ ಬಂದರೆ ಒಳ್ಳೆಯದು’ ಎಂದು ಪದವಿಯ ಮರುದಿನವನ್ನೇ ಬರೆದುಕೊಟ್ಟು, ಇಎಡಿ ಕೈಯಲ್ಲಿ ಹಿಡಿದುಕೊಂಡು ಎಪ್ಪತ್ತು ದಿನ ಮನೆಯಲ್ಲಿ ಕುಳಿತವರನ್ನು ನಾನು ಬಲ್ಲೆ.

ಹೆಜ್ಜೆ 1: ಯಾವ ರಾಜ್ಯ ಎಂಬುದನ್ನು ಗಟ್ಟಿ ಮಾಡಿಕೊಳ್ಳಿ

ಪರೀಕ್ಷೆ ದೇಶಕ್ಕೆಲ್ಲ ಒಂದೇ ಆದರೂ ಪರವಾನಗಿ ರಾಜ್ಯದ್ದು, ತಾತ್ಕಾಲಿಕ ಪರ್ಮಿಟ್ಟಂತೂ ಆ ರಾಜ್ಯದ ಗಡಿ ದಾಟುವುದೇ ಇಲ್ಲ. ಟೆಕ್ಸಾಸ್ ಬಹುರಾಜ್ಯ ಒಪ್ಪಂದದ ಸದಸ್ಯ ರಾಜ್ಯವಾಗಿದ್ದು, ಅಲ್ಲಿ ಮನೆ ಮಾಡಿಕೊಂಡಿರುವವರ ಪೂರ್ಣ ಪರವಾನಗಿ ಒಪ್ಪಂದದ ಇತರ ರಾಜ್ಯಗಳಲ್ಲೂ ನಡೆಯುತ್ತದೆ. ಆದರೆ ಅದೇ ಟೆಕ್ಸಾಸಿನ ತಾತ್ಕಾಲಿಕ ಅನುಮತಿಗೆ ಆ ಭಾಗ್ಯವಿಲ್ಲ. ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್ ಆ ಒಪ್ಪಂದದಲ್ಲೇ ಇಲ್ಲ. ಆದ್ದರಿಂದ ಓದಿದ್ದು ಎಲ್ಲಿ ಎಂಬುದಕ್ಕಿಂತ ಕೆಲಸ ಮಾಡುವುದು ಎಲ್ಲಿ ಎಂಬುದನ್ನು ನೋಡಿ ಅರ್ಜಿ ಹಾಕಿ.

ಕ್ಯಾಲಿಫೋರ್ನಿಯಾದಲ್ಲಿ ಇದರ ಹೆಸರು ಇಂಟರಿಮ್ ಪರ್ಮಿಟ್. ಗರಿಷ್ಠ ಆರು ತಿಂಗಳು ಇಲ್ಲವೇ ಮೊದಲ ಪರೀಕ್ಷೆಯ ಫಲಿತಾಂಶ, ಯಾವುದು ಮೊದಲೋ ಅಲ್ಲಿಯವರೆಗೆ ಅದು ನಡೆಯುತ್ತದೆ, ನವೀಕರಣ ಇಲ್ಲ. ನ್ಯೂಯಾರ್ಕಿನಲ್ಲಿ ಅದು ಲಿಮಿಟೆಡ್ ಪರ್ಮಿಟ್. ಒಂದು ವರ್ಷದ ಅವಧಿ, ಫೇಲಾದ ಸೂಚನೆ ಬಂದರೆ ಹತ್ತು ದಿನಕ್ಕೆ ಮುಕ್ತಾಯ. ಟೆಕ್ಸಾಸಿನಲ್ಲಿ ಗ್ರ್ಯಾಜುಯೇಟ್ ನರ್ಸ್, ಅಂದರೆ ‘ಜಿಎನ್’ ಎಂಬ ಹೆಸರಿನಲ್ಲಿ ದುಡಿಯಲು ಸಿಗುವುದು ಬರೀ 75 ದಿನ, ಅದನ್ನು ವಿಸ್ತರಿಸುವ ಮಾತೇ ಇಲ್ಲ. ಪೆನ್ಸಿಲ್ವೇನಿಯಾದಲ್ಲೂ ಟೆಂಪರರಿ ಪ್ರಾಕ್ಟೀಸ್ ಪರ್ಮಿಟ್ ಎಂಬುದಿದೆ, ಅದರ ಗರಿಷ್ಠ ಅವಧಿ ಸಾಮಾನ್ಯವಾಗಿ ಒಂದು ವರ್ಷ. ಕೆಲವರು ನ್ಯೂಯಾರ್ಕಿನ ಒಂದು ವರ್ಷವನ್ನು ನೋಡಿ ‘ಅಲ್ಲಿ ಆರಾಮ’ ಎಂದುಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಟೆಕ್ಸಾಸಿನ 75 ದಿನವೇ ಹೊಸಬರಿಗೆ ಒಳ್ಳೆಯದು, ಏಕೆಂದರೆ ಅದು ಪರೀಕ್ಷೆಯನ್ನು ಮುಂದೂಡಲು ಬಿಡುವುದಿಲ್ಲ.

ಹೆಜ್ಜೆ 2: ಅರ್ಜಿಗೆ ಮುಂಚೆ ಆಸ್ಪತ್ರೆಯನ್ನು ಕೇಳಿ

ಕಾನೂನು ಒಪ್ಪಿದ ಮಾತ್ರಕ್ಕೆ ಆಸ್ಪತ್ರೆ ಒಪ್ಪಬೇಕೆಂದಿಲ್ಲ. ಹೊಸ ಪದವೀಧರರನ್ನು ತಂಡವಾಗಿ ತೆಗೆದುಕೊಂಡು ತರಬೇತಿ ಕೊಡುವ ರೆಸಿಡೆನ್ಸಿ ಕಾರ್ಯಕ್ರಮಗಳಲ್ಲಿ ಎಷ್ಟೋ ಕಡೆ ಮೊದಲ ದಿನವೇ ಪೂರ್ಣ ಪರವಾನಗಿ ಸಂಖ್ಯೆ ಕೇಳುತ್ತಾರೆ. ನನಗೆ ಪರಿಚಯದ ಒಬ್ಬ ಹುಡುಗಿಗೆ ಒಂದು ಆಸ್ಪತ್ರೆಯ ನೇಮಕಾತಿ ವಿಭಾಗದವರು ಫೋನಿನಲ್ಲಿ ‘ಪರ್ಮಿಟ್ ಸಾಕು’ ಎಂದಿದ್ದರು. ಅವಳು ಶುಲ್ಕ ಕಟ್ಟಿ, ಪರ್ಮಿಟ್ ತರಿಸಿಕೊಂಡು, ಬೇರೆ ಊರಿನಿಂದ ಮನೆ ಬದಲಾಯಿಸಿಕೊಂಡು ಬಂದ ಮೇಲೆ ವಾರ್ಡಿನ ಮ್ಯಾನೇಜರ್ ‘ನಮ್ಮಲ್ಲಿ ಆ ಪದ್ಧತಿ ಇಲ್ಲ’ ಎಂದುಬಿಟ್ಟರು. ಆದ್ದರಿಂದ ಇಮೇಲಿನಲ್ಲಿ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ: ತಾತ್ಕಾಲಿಕ ಪರ್ಮಿಟ್ ಮೇಲೆ ಕೆಲಸಕ್ಕೆ ಸೇರಿಸಿಕೊಳ್ಳುತ್ತೀರಾ, ಆ ಅವಧಿಯ ಸಂಬಳ ಎಷ್ಟು, ಪರೀಕ್ಷೆಯಲ್ಲಿ ಫೇಲಾದರೆ ನರ್ಸಿಂಗ್ ಸಹಾಯಕರ ಕೆಲಸಕ್ಕೆ ಬದಲಾಯಿಸುತ್ತೀರೋ ಅಥವಾ ನೇಮಕವೇ ರದ್ದಾಗುತ್ತದೋ. ಮೂರನೆಯದನ್ನು ಕೇಳಲು ಸಂಕೋಚವಾಗುತ್ತದೆ, ನಿಜ, ಆದರೂ ಕೇಳಿ.

ನ್ಯೂಯಾರ್ಕಿನಲ್ಲಿ ಈ ಹೆಜ್ಜೆ ಕಡ್ಡಾಯವೇ ಆಗಿದೆ. ಅಲ್ಲಿ ಪರ್ಮಿಟ್ ಒಬ್ಬ ನಿರ್ದಿಷ್ಟ ಉದ್ಯೋಗದಾತರಿಗೆ ಕಟ್ಟುಬಿದ್ದದ್ದು. ಫಾರಂ 5ರಲ್ಲಿ ಆ ಸಂಸ್ಥೆಯವರು ಒಪ್ಪಿಗೆ ನೀಡಬೇಕು. ಕೆಲಸ ಬದಲಾಯಿಸಿದರೆ ಹೊಸ ಅರ್ಜಿ, ಹೊಸ ಶುಲ್ಕ. ಕೆಲಸವೇ ಗೊತ್ತಾಗದೆ ಅಲ್ಲಿ ಪರ್ಮಿಟ್ ಕೇಳುವುದಕ್ಕೆ ಅರ್ಥವಿಲ್ಲ.

ಹೆಜ್ಜೆ 3: ಹೆಸರು

ಕನ್ನಡಿಗರಿಗೆ ಇದಕ್ಕೆ ಬೇರೆಯೇ ಶೀರ್ಷಿಕೆ ಕೊಡಬೇಕಾಗಿದೆ. ನಮ್ಮ ಹೆಸರುಗಳ ಮುಂದೆ ಊರಿನ ಅಕ್ಷರ, ತಂದೆಯ ಅಕ್ಷರ, ಕೆಲವೊಮ್ಮೆ ಹಿಂದೆ ಗಂಡನ ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಬಗೆ, ಪಾಸ್‌ಪೋರ್ಟಿನಲ್ಲಿ ಅಕ್ಷರ ಬಿಡಿಸಿ ಬರೆದ ಇನ್ನೊಂದು ಬಗೆ, ಕಾಲೇಜಿನ ದಾಖಲೆಯಲ್ಲಿ ಮೂರನೆಯ ಬಗೆ. ಪಾಸ್‌ಪೋರ್ಟಿನ ಕುಲನಾಮದ ಜಾಗ ಖಾಲಿಯಿದ್ದವರ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿದಿಲ್ಲ) ಎಂದು ಬಂದಿರುತ್ತದೆ. ಎನ್‌ಕ್ಲೆಕ್ಸ್ ಪರೀಕ್ಷಾ ಕೇಂದ್ರದಲ್ಲಿ ತೋರಿಸುವ ಗುರುತಿನ ಚೀಟಿಯ ಮೊದಲ ಮತ್ತು ಕೊನೆಯ ಹೆಸರು ಪರೀಕ್ಷಾ ಅನುಮತಿ ಪತ್ರದಲ್ಲಿರುವುದರ ಜೊತೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಒಳಗೆ ಬಿಡುವುದಿಲ್ಲ, ಕಟ್ಟಿದ ಹಣ ಹಿಂತಿರುಗುವುದಿಲ್ಲ, ಮತ್ತೆ ಮೊದಲಿನಿಂದ ನೋಂದಣಿ. ಹಾಸನದ ಕಡೆಯ ಒಬ್ಬಳಿಗೆ ಹೀಗೇ ಆಯಿತು. ಬೋರ್ಡಿನ ಅರ್ಜಿಯಲ್ಲಿ ಅವಳು ಕಾಲೇಜಿನ ದಾಖಲೆಯಂತೆ ಗಂಡನ ಹೆಸರನ್ನು ಕೊನೆಗೆ ಹಾಕಿದ್ದಳು. ಪರೀಕ್ಷೆಯ ದಿನ ಕೈಯಲ್ಲಿದ್ದ ಪಾಸ್‌ಪೋರ್ಟ್ ಮದುವೆಗೆ ಮುಂಚಿನದು, ಕೊನೆಯಲ್ಲಿದ್ದದ್ದು ತಂದೆಯ ಹೆಸರು. ಬಾಗಿಲಿನಿಂದಲೇ ವಾಪಸಾದಳು. ಅವಳ 75 ದಿನದಲ್ಲಿ ಆಗಲೇ ಮೂವತ್ತು ಕಳೆದಿದ್ದವು.

ಆದ್ದರಿಂದ ಪರೀಕ್ಷೆಯ ದಿನ ತೋರಿಸುವ ಗುರುತಿನ ಚೀಟಿ ಯಾವುದೆಂದು ಮೊದಲು ತೀರ್ಮಾನಿಸಿ, ಬೋರ್ಡಿನ ಅರ್ಜಿ, ಪರೀಕ್ಷೆಯ ನೋಂದಣಿ, ಪರ್ಮಿಟ್ ಅರ್ಜಿ ಮೂರರಲ್ಲೂ ಅದರಲ್ಲಿರುವಂತೆಯೇ ಅಕ್ಷರಕ್ಕೆ ಅಕ್ಷರ ಬರೆಯಿರಿ. ಕಾಲೇಜಿನ ದಾಖಲೆ ಬೇರೆಯಿದ್ದರೆ ಪದವಿಗೆ ಮುಂಚೆಯೇ ರಿಜಿಸ್ಟ್ರಾರ್ ಕಚೇರಿಯಲ್ಲಿ ತಿದ್ದಿಸಿ. ಪದವಿಯಾದ ಮೇಲೆ ಅದಕ್ಕೆ ತಗಲುವ ಕಾಲವೇ ಬೇರೆ.

ಹೆಜ್ಜೆ 4: ಅರ್ಜಿಗಳ ಸರದಿ

ಹಾಕಬೇಕಾದ ಅರ್ಜಿ ಮೂರು: ಬೋರ್ಡಿಗೆ ಪರವಾನಗಿ ಅರ್ಜಿ, ಅದರ ಜೊತೆ ತಾತ್ಕಾಲಿಕ ಪರ್ಮಿಟ್ಟಿನ ಕೋರಿಕೆ, ಹಾಗೂ ಪರೀಕ್ಷೆ ನಡೆಸುವ ಪಿಯರ್ಸನ್ ವ್ಯೂ ಸಂಸ್ಥೆಯಲ್ಲಿ ಎನ್‌ಕ್ಲೆಕ್ಸ್ ನೋಂದಣಿ. ಪರೀಕ್ಷೆಯ ಶುಲ್ಕ 200 ಡಾಲರ್. ಮೂರನ್ನೂ ಕೊನೆಯ ಸೆಮಿಸ್ಟರ್ ನಡೆಯುತ್ತಿರುವಾಗಲೇ ಶುರು ಮಾಡಬೇಕು, ಏಕೆಂದರೆ ತಡವಾಗುವುದು ಅರ್ಜಿಯಲ್ಲಲ್ಲ, ಅರ್ಜಿಗೆ ಬಂದು ಸೇರಬೇಕಾದ ಕಾಗದಗಳಲ್ಲಿ. ಪದವಿ ದೊರೆತ ದಿನಾಂಕ ನಮೂದಾದ ಅಂತಿಮ ಟ್ರಾನ್ಸ್‌ಕ್ರಿಪ್ಟನ್ನು ಕಾಲೇಜೇ ನೇರವಾಗಿ ಬೋರ್ಡಿಗೆ ಕಳುಹಿಸಬೇಕು, ನಿಮ್ಮ ಕೈಯಿಂದ ಹೋದದ್ದು ಲೆಕ್ಕಕ್ಕಿಲ್ಲ. ಪದವಿಯ ವಾರದಲ್ಲಿ ರಿಜಿಸ್ಟ್ರಾರ್ ಕಚೇರಿಯ ಮುಂದೆ ಇಡೀ ಬ್ಯಾಚಿನ ಕೋರಿಕೆಗಳು ಸಾಲುಗಟ್ಟಿರುತ್ತವೆ. ಗ್ರಂಥಾಲಯದ ದಂಡವೋ ಪಾರ್ಕಿಂಗ್ ದಂಡವೋ ಬಾಕಿಯಿದ್ದರೆ ಕೆಲವು ಕಾಲೇಜುಗಳು ಟ್ರಾನ್ಸ್‌ಕ್ರಿಪ್ಟನ್ನೇ ತಡೆಹಿಡಿಯುತ್ತವೆ. ಇಪ್ಪತ್ತು ಡಾಲರ್ ದಂಡಕ್ಕಾಗಿ ಮೂರು ವಾರ ಕಳೆದುಕೊಳ್ಳಬೇಡಿ.

ಕ್ಯಾಲಿಫೋರ್ನಿಯಾದಲ್ಲಿ ಬ್ರೀಝ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಅರ್ಜಿ. ಆ ರಾಜ್ಯದಲ್ಲೇ ಓದಿದವರಿಗೆ ಅರ್ಜಿ ಶುಲ್ಕ 300 ಡಾಲರ್, ಇಂಟರಿಮ್ ಪರ್ಮಿಟ್ಟಿಗೆ ಮತ್ತೆ 100, ಅದರ ಮೇಲೆ ಲೈವ್ ಸ್ಕ್ಯಾನ್ ಬೆರಳಚ್ಚಿನ ಖರ್ಚು. ಪರೀಕ್ಷೆಯ 200 ಸೇರಿದರೆ ಆರುನೂರು ಡಾಲರ್ ಸುಲಭವಾಗಿ ದಾಟುತ್ತದೆ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದವರು ತೆರಿಗೆಯ ಐಟಿಐಎನ್ ಸಂಖ್ಯೆ ಕೊಟ್ಟು ಅಲ್ಲಿ ಅರ್ಜಿ ಹಾಕಬಹುದೆಂಬುದು ಎಚ್-4 ಮಹಿಳೆಯರಿಗೆ ದೊಡ್ಡ ಅನುಕೂಲ. ಪರ್ಮಿಟ್ಟನ್ನು ಮೊದಲ ಪರೀಕ್ಷೆಗೆ ಮುಂಚೆಯೇ ಕೇಳಬೇಕು. ಒಮ್ಮೆ ಪರೀಕ್ಷೆಗೆ ಕುಳಿತು ಫೇಲಾದವರಿಗೆ ಅದು ಸಿಗುವುದಿಲ್ಲ.

ನ್ಯೂಯಾರ್ಕಿನಲ್ಲಿ ಪರವಾನಗಿ ಕೊಡುವುದು ಶಿಕ್ಷಣ ಇಲಾಖೆಯ ವೃತ್ತಿಗಳ ಕಚೇರಿ. ಪರವಾನಗಿ ಶುಲ್ಕ 143 ಡಾಲರ್, ಲಿಮಿಟೆಡ್ ಪರ್ಮಿಟ್ಟಿಗೆ 35. ಸೋಂಕು ನಿಯಂತ್ರಣ ಮತ್ತು ಮಕ್ಕಳ ಮೇಲಿನ ದೌರ್ಜನ್ಯ ಗುರುತಿಸುವಿಕೆಯ ತರಬೇತಿಗಳನ್ನು ಅಲ್ಲಿ ಕೇಳುತ್ತಾರೆ. ಆ ರಾಜ್ಯದ ಕಾಲೇಜುಗಳಲ್ಲಿ ಇವು ಸಾಮಾನ್ಯವಾಗಿ ಪಾಠದಲ್ಲೇ ಸೇರಿರುತ್ತವೆ, ಹೊರಗಿನಿಂದ ಬಂದವರು ಪ್ರತ್ಯೇಕವಾಗಿ ಮಾಡಿಕೊಳ್ಳಬೇಕು. ನ್ಯೂಯಾರ್ಕಿನದೇ ನೋಂದಾಯಿತ ಪಾಠಕ್ರಮ ಮುಗಿಸಿ, ಪರವಾನಗಿಗೂ ಪರ್ಮಿಟ್ಟಿಗೂ ಅರ್ಜಿ ಹಾಕಿದವರು ಪದವಿಯಾದ ನಂತರದ 90 ದಿನ ಪರ್ಮಿಟ್ ಕೈಗೆ ಬರುವ ಮುಂಚೆಯೂ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಲು ಅಲ್ಲಿನ ಕಾನೂನು ಎಡೆ ಕೊಟ್ಟಿದೆ. ಟೆಕ್ಸಾಸಿನಲ್ಲಿ ಇದರ ಜೊತೆಗೆ ನರ್ಸಿಂಗ್ ಕಾನೂನಿನ ಆನ್‌ಲೈನ್ ಪರೀಕ್ಷೆಯೊಂದನ್ನು ಪಾಸು ಮಾಡಬೇಕು, ಬೆರಳಚ್ಚಿನ ಹಿನ್ನೆಲೆ ತಪಾಸಣೆಯೂ ಮುಗಿದಿರಬೇಕು. ಹಳೆಯ ಪೊಲೀಸ್ ಪ್ರಕರಣವೇನಾದರೂ ಇದ್ದು ಅರ್ಹತೆಯ ಪ್ರಶ್ನೆ ಎದ್ದರೆ ಜಿಎನ್ ಅನುಮತಿ ಸಿಗದು. ಅಂಥವರು ಓದುತ್ತಿರುವಾಗಲೇ ಬೋರ್ಡಿಗೆ ವಿಷಯ ತಿಳಿಸಿ ತೀರ್ಮಾನ ಪಡೆದುಕೊಳ್ಳಬೇಕು.

ಶುಲ್ಕಗಳು ಬದಲಾಗುತ್ತಿರುತ್ತವೆ. ಹಣ ಕಟ್ಟುವ ದಿನ ಆಯಾ ರಾಜ್ಯದ ಅಧಿಕೃತ ಜಾಲತಾಣದಲ್ಲೇ ನೋಡಿಕೊಳ್ಳಿ, ವಾಟ್ಸ್‌ಆಪ್ ಗುಂಪಿನ ಹಳೆಯ ಪಟ್ಟಿಯನ್ನು ನಂಬಬೇಡಿ.

ಹೆಜ್ಜೆ 5: ಪರ್ಮಿಟ್ ಬಂದ ದಿನವೇ ಪರೀಕ್ಷೆಯ ದಿನ ಗೊತ್ತು ಮಾಡಿ

ಬೋರ್ಡ್ ಅರ್ಹತೆ ಒಪ್ಪಿದ ಮೇಲೆ ಪಿಯರ್ಸನ್ ವ್ಯೂ ಕಡೆಯಿಂದ ಇಮೇಲಿನಲ್ಲಿ ಎಟಿಟಿ, ಅಂದರೆ ಪರೀಕ್ಷಾ ಅನುಮತಿ ಪತ್ರ ಬರುತ್ತದೆ. ಅದರಲ್ಲಿ ಬರೆದ ಅವಧಿಯೊಳಗೆ ಪರೀಕ್ಷೆ ಮುಗಿಸಬೇಕು. ಅವಧಿ ಮೀರಿದರೆ ವಿಸ್ತರಣೆಯಿಲ್ಲ, 200 ಡಾಲರ್ ಹೋದಂತೆಯೇ. ಜೂನ್ ಮತ್ತು ಜುಲೈ ತಿಂಗಳಲ್ಲಿ ದೊಡ್ಡ ಊರುಗಳ ಕೇಂದ್ರಗಳು ಬೇಗ ಭರ್ತಿಯಾಗುವುದರಿಂದ ಎಟಿಟಿ ಬಂದ ದಿನವೇ ಜಾಗ ಹಿಡಿಯಿರಿ.

ಪದವಿಯಾದ ನಾಲ್ಕರಿಂದ ಆರು ವಾರದೊಳಗೆ ಪರೀಕ್ಷೆಗೆ ಕುಳಿತುಬಿಡಿ ಎಂಬುದು ನನ್ನ ಸಲಹೆ. ‘ವಾರ್ಡಿನಲ್ಲಿ ಸ್ವಲ್ಪ ಅನುಭವ ಆಗಲಿ, ಆಮೇಲೆ ಬರೆಯೋಣ’ ಎಂಬ ಯೋಚನೆ ಎಲ್ಲರಿಗೂ ಬರುತ್ತದೆ. ಆದರೆ ವಾರ್ಡ್ ಕಲಿಸುವುದೇ ಬೇರೆ, ಪರೀಕ್ಷೆ ಕೇಳುವುದೇ ಬೇರೆ. ವಾರ್ಡಿನಲ್ಲಿ ಕೆಲಸ ಸಾಗಿಸುವ ಅಡ್ಡದಾರಿಗಳು ಮೊದಲ ತಿಂಗಳಲ್ಲೇ ಕೈಗಂಟಿಕೊಳ್ಳುತ್ತವೆ. ಪರೀಕ್ಷೆಯಾದರೋ ಪುಸ್ತಕದ ನೇರ ದಾರಿಯನ್ನೇ ಕೇಳುತ್ತದೆ. ಅದಲ್ಲದೆ ಹನ್ನೆರಡು ಗಂಟೆಯ ರಾತ್ರಿ ಪಾಳಿ ಮೂರು ಮುಗಿಸಿದವರು ನಾಲ್ಕನೆಯ ದಿನ ಓದಲು ಕುಳಿತರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. 2023ರ ಏಪ್ರಿಲ್‌ನಿಂದ ಬಂದಿರುವ ಹೊಸ ಮಾದರಿಯ ಪರೀಕ್ಷೆಯಲ್ಲಿ ಕನಿಷ್ಠ 85, ಗರಿಷ್ಠ 150 ಪ್ರಶ್ನೆ, ಐದು ಗಂಟೆ ಕಾಲ. ಒಬ್ಬ ರೋಗಿಯ ಕಥೆಯನ್ನೇ ಹಿಡಿದು ಸಾಲಾಗಿ ಆರು ಪ್ರಶ್ನೆ ಕೇಳುವ ಪ್ರಕರಣಗಳು ಅದರಲ್ಲಿ ಬರುತ್ತವೆ. ದಣಿದ ತಲೆಗೆ ಅವು ಒಗ್ಗುವುದಿಲ್ಲ. ಸಾಧ್ಯವಾದರೆ ಪರೀಕ್ಷೆಗೆ ಮುಂಚಿನ ಒಂದು ವಾರ ಪಾಳಿ ಬೇಡವೆಂದು ಕೆಲಸಕ್ಕೆ ಸೇರುವಾಗಲೇ ಮ್ಯಾನೇಜರಿಗೆ ತಿಳಿಸಿಡಿ.

ಇಲ್ಲಿ ಒಂದು ಲೆಕ್ಕವನ್ನೂ ಹಾಕಿ ನೋಡಬೇಕು. ಪರ್ಮಿಟ್ ಕೈಗೆ ಬರಲು ನಾಲ್ಕು ವಾರ ಹಿಡಿಯುವಂತಿದ್ದು, ಐದನೆಯ ವಾರ ನೀವು ಪರೀಕ್ಷೆ ಬರೆಯುವವರಾದರೆ, ಮಧ್ಯದ ಒಂದೆರಡು ವಾರದ ದುಡಿಮೆಗಾಗಿ 100 ಡಾಲರ್ ಖರ್ಚು ಮಾಡಬೇಕೇ? ಒಪಿಟಿಯ 90 ದಿನದ ಎಣಿಕೆ ಇಲ್ಲದವರಿಗೆ, ಕೆಲಸದ ಆರಂಭದ ದಿನ ದೂರವಿರುವವರಿಗೆ ನಾನು ‘ಬೇಡ’ ಎಂದೇ ಹೇಳುತ್ತೇನೆ.

ಹೆಜ್ಜೆ 6: ವಾರ್ಡಿನಲ್ಲಿ ನಿಮ್ಮ ಗೆರೆ ಎಲ್ಲಿದೆ

ಪರ್ಮಿಟ್ ಮೇಲಿರುವವರು ಪರವಾನಗಿ ಪಡೆದ ನರ್ಸ್ ಒಬ್ಬರ ಮೇಲ್ವಿಚಾರಣೆಯಲ್ಲೇ ಇರಬೇಕು. ಕ್ಯಾಲಿಫೋರ್ನಿಯಾದ ನಿಯಮದಂತೆ ಆ ಮೇಲ್ವಿಚಾರಕಿ ಅದೇ ವಾರ್ಡಿನಲ್ಲಿ, ಕರೆದರೆ ಸಿಗುವಂತೆ, ಪಾಳಿಯುದ್ದಕ್ಕೂ ಇರಬೇಕು. ಫೋನಿನಲ್ಲಿ ಸಿಗುತ್ತಾರೆ ಎಂಬುದು ನಡೆಯುವುದಿಲ್ಲ. ಟೆಕ್ಸಾಸಿನಲ್ಲಿ ಜಿಎನ್‌ಗಳನ್ನು ಪಾಳಿಯ ಉಸ್ತುವಾರಿಗೆ ಹಾಕುವಂತಿಲ್ಲ, ರೋಗಿಗಳ ಮನೆಗೆ ಒಬ್ಬರನ್ನೇ ಕಳುಹಿಸುವಂಥ ಸ್ವತಂತ್ರ ಕೆಲಸಕ್ಕೂ ನೇಮಿಸುವಂತಿಲ್ಲ. ಸಹಿಯ ಮುಂದೆ ಆಯಾ ರಾಜ್ಯ ಹೇಳಿದ ಬಿರುದನ್ನೇ ಬರೆಯಬೇಕು: ಟೆಕ್ಸಾಸಿನಲ್ಲಿ ‘ಜಿಎನ್’, ಕ್ಯಾಲಿಫೋರ್ನಿಯಾದಲ್ಲಿ ‘ಐಪಿ’ (ಇಂಟರಿಮ್ ಪರ್ಮಿಟಿ). ‘ಆರ್‌ಎನ್’ (ರಿಜಿಸ್ಟರ್ಡ್ ನರ್ಸ್) ಎಂದು ಬರೆಯುವುದು ಅಭ್ಯಾಸಬಲದ ಸಣ್ಣ ತಪ್ಪೆಂದು ನಿಮಗನ್ನಿಸಬಹುದು. ಬೋರ್ಡಿನ ಕಣ್ಣಿಗೆ ಅದು ಪರವಾನಗಿಯಿಲ್ಲದೆ ವೃತ್ತಿ ನಡೆಸಿದಂತೆ.

ಕಾನೂನಿನ ಗೆರೆಯ ಒಳಗೆ ಆಸ್ಪತ್ರೆ ತನ್ನದೇ ಇನ್ನೊಂದು ಗೆರೆ ಎಳೆದಿರುತ್ತದೆ, ನಿತ್ಯದ ತೊಡಕು ಬರುವುದು ಅಲ್ಲಿ. ನಾನು ಪ್ರಿಸೆಪ್ಟರ್, ಅಂದರೆ ಹೊಸಬರಿಗೆ ಕೆಲಸ ಕಲಿಸುವ ನರ್ಸ್ ಆಗಿದ್ದಾಗ ನನ್ನ ಜೊತೆ ಶಿವಮೊಗ್ಗ ಕಡೆಯ ಒಬ್ಬ ಹುಡುಗಿ ಜಿಎನ್ ಆಗಿ ಇದ್ದಳು. ಒಂದು ರಾತ್ರಿ ಎರಡು ಗಂಟೆಗೆ ರಕ್ತನಿಧಿಯಿಂದ ಒಂದು ಚೀಲ ರಕ್ತ ಬಂತು. ಮಂಚದ ಪಕ್ಕದಲ್ಲಿ ಇಬ್ಬರು ನಿಂತು ರೋಗಿಯ ಕೈಪಟ್ಟಿಯ ಹೆಸರು, ಸಂಖ್ಯೆ, ರಕ್ತದ ಗುಂಪು, ಚೀಲದ ಮೇಲಿನ ಸಂಖ್ಯೆ ಒಂದೊಂದನ್ನೇ ಗಟ್ಟಿಯಾಗಿ ಓದಿ ತಾಳೆ ನೋಡಬೇಕು. ಅವಳು ಅಭ್ಯಾಸದಂತೆ ಎರಡನೆಯವಳಾಗಿ ಬಂದು ನಿಂತಳು. ಆ ಆಸ್ಪತ್ರೆಯ ನಿಯಮದಲ್ಲಿ ತಾಳೆ ನೋಡುವ ಇಬ್ಬರಿಗೂ ಪರವಾನಗಿ ಇರಬೇಕಿತ್ತು. ಚೀಲ ಬಂದ ಅರ್ಧ ಗಂಟೆಯೊಳಗೆ ರಕ್ತ ಏರಿಸಲು ಶುರುವಾಗಬೇಕು, ಇಲ್ಲವೇ ಹಿಂದಿರುಗಿಸಬೇಕು. ಉಸ್ತುವಾರಿ ನರ್ಸ್ ಇನ್ನೊಂದು ಕೋಣೆಯಲ್ಲಿ ಕೈಗವಸು ಹಾಕಿಕೊಂಡು ಬೇರೆ ಕೆಲಸದಲ್ಲಿದ್ದರು. ಹದಿನೆಂಟು ನಿಮಿಷ ಕಾದೆವು. ಹುಡುಗಿಗೆ ಮುಖ ಚಿಕ್ಕದಾಯಿತು, ‘ನಾನು ಓದುವುದು ತಪ್ಪೇ ಅಕ್ಕ’ ಎಂದಳು. ಓದುವುದರಲ್ಲಿ ತಪ್ಪಿರಲಿಲ್ಲ, ಅವಳ ಸಹಿಗೆ ಆ ಕಾಗದದ ಮೇಲೆ ಬೆಲೆ ಇರಲಿಲ್ಲ, ಅಷ್ಟೇ.

ಆದ್ದರಿಂದ ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ: ರಕ್ತದ ತಾಳೆಗೆ, ಇನ್ಸುಲಿನ್ ಮತ್ತು ಹೆಪಾರಿನ್‌ನಂಥ ಔಷಧಗಳ ಜೋಡಿ ತಪಾಸಣೆಗೆ, ನೋವಿನ ಮಾದಕ ಔಷಧಗಳಲ್ಲಿ ಉಳಿದದ್ದನ್ನು ಚೆಲ್ಲುವಾಗಿನ ಸಾಕ್ಷಿಗೆ, ವೈದ್ಯರ ಮೌಖಿಕ ಆದೇಶ ತೆಗೆದುಕೊಳ್ಳುವುದಕ್ಕೆ ನಿಮ್ಮ ಸಹಿ ನಡೆಯುತ್ತದೆಯೇ? ಸಿಬ್ಬಂದಿ ಕಡಿಮೆಯಿದ್ದ ದಿನ ‘ಪಕ್ಕದ ವಾರ್ಡಿಗೆ ಹೋಗಿ ಎರಡು ಗಂಟೆ ನೋಡಿಕೋ’ ಎಂದರೆ, ‘ಅಲ್ಲಿ ನನ್ನ ಮೇಲ್ವಿಚಾರಕರು ಯಾರು’ ಎಂದು ಮರುಪ್ರಶ್ನೆ ಕೇಳಿ. ದೊಡ್ಡವರಿಗೆ ಎದುರಾಡಬಾರದೆಂದು ಬೆಳೆದ ನಮ್ಮ ಮಕ್ಕಳಿಗೆ ಇದು ಕಷ್ಟ. ಮೇಲ್ವಿಚಾರಣೆ ಇಲ್ಲದೆ ಕೆಲಸ ಮಾಡಿದ್ದು ಗೊತ್ತಾದರೆ ಉತ್ತರ ಹೇಳಬೇಕಾದವರಲ್ಲಿ ನೀವೂ ಒಬ್ಬರು, ಕಳುಹಿಸಿದವರೂ ಒಬ್ಬರು.

ಹೆಜ್ಜೆ 7: ಫಲಿತಾಂಶದ ದಿನ

ಅಮೆರಿಕದ ಬಹುತೇಕ ರಾಜ್ಯಗಳ ಅಭ್ಯರ್ಥಿಗಳು ಪರೀಕ್ಷೆಯಾದ ಎರಡು ಕೆಲಸದ ದಿನಗಳ ಬಳಿಕ 7.95 ಡಾಲರ್ ಕಟ್ಟಿ ಅನಧಿಕೃತ ಫಲಿತಾಂಶ ನೋಡಬಹುದು. ಮತ್ತೆ ನೋಂದಣಿ ಮಾಡಲು ಯತ್ನಿಸಿ, ಪರದೆಯ ಮೇಲೆ ಬರುವ ಸಂದೇಶದಿಂದ ಪಾಸೋ ಫೇಲೋ ಊಹಿಸುವ ಒಂದು ಉಪಾಯವೂ ವಿದ್ಯಾರ್ಥಿಗಳ ನಡುವೆ ಚಾಲ್ತಿಯಲ್ಲಿದೆ. ಅದನ್ನು ನಂಬಿ ಯಾರಿಗೂ ಸಿಹಿ ಹಂಚಬೇಡಿ. ಅಧಿಕೃತ ಫಲಿತಾಂಶ ಬೋರ್ಡಿನಿಂದಲೇ ಬರಬೇಕು. ಪಾಸಾದವರ ಹೆಸರು ಪರವಾನಗಿ ಸಂಖ್ಯೆಯೊಂದಿಗೆ ಬೋರ್ಡಿನ ಜಾಲತಾಣದಲ್ಲಿ ಕಾಣಿಸಿಕೊಳ್ಳುತ್ತದೆ. ಆ ಪುಟವನ್ನು ಮುದ್ರಿಸಿ ಮ್ಯಾನೇಜರಿಗೂ ಮಾನವ ಸಂಪನ್ಮೂಲ ವಿಭಾಗಕ್ಕೂ ಕೊಡಿ. ಸಂಖ್ಯೆ ಕಾಣುವವರೆಗೆ ನೀವು ಜಿಎನ್ ಅಥವಾ ಐಪಿಯೇ.

ಫೇಲಾದರೆ ಏನು ಮಾಡಬೇಕೆಂಬುದನ್ನು ಮುಂಚೆಯೇ ಗೊತ್ತು ಮಾಡಿಕೊಂಡಿರಬೇಕು, ಏಕೆಂದರೆ ಆ ಹೊತ್ತಿಗೆ ಯೋಚಿಸುವ ಶಕ್ತಿ ಇರುವುದಿಲ್ಲ. ಟೆಕ್ಸಾಸ್ ಮತ್ತು ಕ್ಯಾಲಿಫೋರ್ನಿಯಾಗಳಲ್ಲಿ ಫೇಲಾದ ಸೂಚನೆ ಬಂದಾಗಲೇ ಅನುಮತಿ ಮುಗಿಯಿತು. ಅನಧಿಕೃತ ಫಲಿತಾಂಶದಲ್ಲಿ ಫೇಲೆಂದು ಕಂಡರೂ, ಅಧಿಕೃತ ಪತ್ರ ಬಂದಿಲ್ಲವೆಂಬ ನೆಪದಲ್ಲಿ ಮುಂದಿನ ಪಾಳಿಗೆ ಹೋಗಬೇಡಿ. ಮ್ಯಾನೇಜರಿಗೆ ಫೋನು ಮಾಡಿ ವಿಷಯ ತಿಳಿಸಿ. ಮರುಪರೀಕ್ಷೆಗೆ ಕನಿಷ್ಠ 45 ದಿನ ಕಾಯಬೇಕು, ಮತ್ತೆ 200 ಡಾಲರ್ ಕಟ್ಟಬೇಕು. ಯಾವ ವಿಷಯದಲ್ಲಿ ಹಿಂದೆ ಬಿದ್ದಿರೆಂದು ತೋರಿಸುವ ವರದಿಯೊಂದನ್ನು ಕಳುಹಿಸುತ್ತಾರೆ, ಓದನ್ನು ಅದರಿಂದಲೇ ಶುರು ಮಾಡಿ. ಒಪಿಟಿಯವರಿಗೆ ಕೆಲಸ ನಿಂತ ದಿನದಿಂದ 90 ದಿನದ ಎಣಿಕೆ ಮತ್ತೆ ಚಾಲೂ ಆಗುತ್ತದೆ. ಆಸ್ಪತ್ರೆ ಸಹಾಯಕಿಯ ಕೆಲಸ ಕೊಡುತ್ತೇನೆಂದರೂ ಅದು ನಿಮ್ಮ ಪದವಿಗೆ ಸಂಬಂಧಿಸಿದ ಕೆಲಸವೆಂದು ಲೆಕ್ಕಕ್ಕೆ ಬರುತ್ತದೆಯೇ ಎಂದು ಒಪ್ಪಿಕೊಳ್ಳುವ ಮುಂಚೆ ಡಿಎಸ್‌ಒ ಅವರನ್ನು ಕೇಳಿ.

ಕರ್ನಾಟಕದಲ್ಲೇ ನರ್ಸಿಂಗ್ ಓದಿದವರಿಗೆ

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ‘ಈ ಪರ್ಮಿಟ್ ಹಿಡಿದು ಅಮೆರಿಕಕ್ಕೆ ಹೋಗಿ, ಅಲ್ಲೇ ಪರೀಕ್ಷೆ ಬರೆಯಬಹುದೇ’ ಎಂದು ಕೇಳುವುದುಂಟು. ಆಗುವುದಿಲ್ಲ. ಟೆಕ್ಸಾಸಿನ ಜಿಎನ್ ಅನುಮತಿ ಅಮೆರಿಕದೊಳಗೆ ಓದಿದವರಿಗೆ ಮೀಸಲು. ನರ್ಸ್‌ಗಳ ಗ್ರೀನ್ ಕಾರ್ಡಿಗೆ ಆಸ್ಪತ್ರೆ ಸಲ್ಲಿಸುವ ಐ-140 ಅರ್ಜಿಯ ಜೊತೆ ಎನ್‌ಕ್ಲೆಕ್ಸ್ ಪಾಸಾದ ದಾಖಲೆಯೋ, ಸಿಜಿಎಫ್‌ಎನ್‌ಎಸ್ (ವಿದೇಶಿ ನರ್ಸ್‌ಗಳ ಅರ್ಹತೆ ಪರಿಶೀಲಿಸುವ ಸಂಸ್ಥೆ, ಈಗಿನ ಹೆಸರು ಟ್ರೂಮೆರಿಟ್) ಪ್ರಮಾಣಪತ್ರವೋ, ಷರತ್ತುಗಳಿಲ್ಲದ ಪೂರ್ಣ ಪರವಾನಗಿಯೋ ಇರಬೇಕು. ತಾತ್ಕಾಲಿಕ ಪರ್ಮಿಟ್ ಈ ಮೂರರಲ್ಲಿ ಯಾವುದೂ ಅಲ್ಲ. ಬೆಂಗಳೂರಿನಲ್ಲೇ ಎನ್‌ಕ್ಲೆಕ್ಸ್ ಕೇಂದ್ರ ಇರುವಾಗ, ಅಲ್ಲಿಯೇ 150 ಡಾಲರ್ ಹೆಚ್ಚುವರಿ ಶುಲ್ಕ ಕಟ್ಟಿ ಬರೆದು ಪಾಸಾಗುವುದು ಸರಿಯಾದ ದಾರಿ. ‘ಟೆಂಪರರಿ ಪರ್ಮಿಟ್ ಕೊಡಿಸಿ ಕಳುಹಿಸುತ್ತೇವೆ’ ಎನ್ನುವ ಏಜೆಂಟರು ಸಿಕ್ಕರೆ ಹಣದ ಚೀಲ ಬಿಚ್ಚಬೇಡಿ.

ಒಂದು ವರ್ಗದವರಿಗೆ ಮಾತ್ರ ಈ ಪರ್ಮಿಟ್ ನಿಜಕ್ಕೂ ಒದಗುತ್ತದೆ: ಕರ್ನಾಟಕದಲ್ಲಿ ಓದಿ, ಮದುವೆಯಾಗಿ ನ್ಯೂಯಾರ್ಕ್ ರಾಜ್ಯಕ್ಕೆ ಬಂದು, ಎಚ್-4 ಇಎಡಿ ಅಥವಾ ಗ್ರೀನ್ ಕಾರ್ಡ್ ಇರುವವರಿಗೆ. ಪರೀಕ್ಷೆಯೊಂದನ್ನು ಬಿಟ್ಟು ಉಳಿದೆಲ್ಲ ಅರ್ಹತೆ ಪೂರೈಸಿದವರಿಗೆ ಅಲ್ಲಿ ಲಿಮಿಟೆಡ್ ಪರ್ಮಿಟ್ ಸಿಗಬಹುದು. ಅದಕ್ಕೆ ಮೊದಲು ಸಿಜಿಎಫ್‌ಎನ್‌ಎಸ್ ಸಂಸ್ಥೆಯಂಥ ಮಾನ್ಯ ಪರಿಶೀಲಕರ ಮೂಲಕ ದಾಖಲೆಗಳ ಪರಿಶೀಲನೆಯಾಗಬೇಕು, ಆ ದಾಖಲೆಗಳು ಓದಿದ ಕಾಲೇಜಿನಿಂದ ಮತ್ತು ಬೆಂಗಳೂರಿನ ಪರಿಷತ್ತಿನಿಂದ ನೇರವಾಗಿ ಹೋಗಬೇಕು. ಹೀಗೆ ಕಾಗದ ತರಿಸುವ ಕೆಲಸ ನ್ಯೂಯಾರ್ಕಿನಲ್ಲಿ ಕುಳಿತು ಫೋನಿನಲ್ಲಿ ಆಗುವುದು ಕಷ್ಟ. ಊರಿನಲ್ಲಿರುವ ಅಣ್ಣನೋ ತಂಗಿಯೋ ಮುದ್ದಾಂ ಕಾಲೇಜಿಗೆ ಹೋಗಿ, ಸಂಬಂಧಪಟ್ಟ ಗುಮಾಸ್ತರನ್ನು ಕಂಡು, ಲಕೋಟೆಗೆ ಸೀಲು ಬಿದ್ದದ್ದನ್ನು ಕಣ್ಣಾರೆ ನೋಡಿ ಬಂದರೆ ಆರು ತಿಂಗಳ ಕೆಲಸ ಎರಡು ತಿಂಗಳಲ್ಲಿ ಮುಗಿಯಬಹುದು. ಮದುವೆಯಾಗಿ ಅಮೆರಿಕಕ್ಕೆ ಹೊರಡುವ ಮುಂಚೆಯೇ ಟ್ರಾನ್ಸ್‌ಕ್ರಿಪ್ಟಿನ ಎರಡು ಪ್ರತಿ, ಪಠ್ಯಕ್ರಮದ ಪ್ರತಿ ಮತ್ತು ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಸೂಟ್‌ಕೇಸಿಗೆ ಹಾಕಿಕೊಳ್ಳಿ. ಕಾಲೇಜಿನಿಂದ ನೇರವಾಗಿಯೇ ಬರಬೇಕಾದ ಕಾಗದಗಳಿದ್ದರೂ, ಯಾವ ಕಾಗದ ಬೇಕೆಂದು ಗುಮಾಸ್ತರಿಗೆ ವಿವರಿಸಲು ಈ ಪ್ರತಿಗಳು ಕೈಯಲ್ಲಿರಬೇಕು.